ಬರಿಮೈ ತಾಮ್ರ

ಹನ್ನೆರಡನೆಯ ವಾರ್ಡಿನ ಬಲಬಾಗಿಲಿಂದ
ಉಕ್ಕಿನ ಹಿಡಿ ಬಿಚ್ಚಿ
ಬಡಗಿ ಗೆಥಿನ್ ತಾಮ್ರದ್ದು ಕೂರಿಸಿದ.
ನಾಲ್ಕು ತಿರುಪು, ಒಂದು ಬೈಗುಳ,
ಮತ್ತೆ ನಾಲ್ಕು ತಿರುಪು.
ಎಡಬಾಗಿಲದು ಉಕ್ಕಿನದೇ ಉಳಿಯಿತು, ಹೋಲಿಸಿ ನೋಡಲೆಂದು.
ಹೊರಗೆ ಸ್ವಾನ್ಸಿಯ ಮಳೆ
ಕಡಲ ಕಡೆಯಿಂದ ಅಡ್ಡಡ್ಡ ಬೀಳುತ್ತಿತ್ತು.

"ಉಕ್ಕು ನೋಡಲು ಚೊಕ್ಕ," ಅಂದೆ,
"ಆದರೆ ಅದರ ಮೇಲೆ ವೈರಸ್ಸು
ಎರಡು ಮೂರು ದಿನ ಬಿಡಾರ ಹೂಡುತ್ತೆ, ಬಾಡಿಗೆ ಇಲ್ಲದೆ.
ತಾಮ್ರದ ಮೇಲಾದರೆ ಕೆಲವೇ ಗಂಟೆ."
ಗೆಥಿನ್ ತಲೆ ಎತ್ತಲಿಲ್ಲ.
"ತಾಮ್ರ ಕೊಲ್ಲುವುದು ನಮ್ಮೂರಿಗೆ ಹೊಸದಲ್ಲ, ಸಿಸ್ಟರ್."

ಕಿಟಕಿಯಾಚೆ ಕಿಲ್ವೆ ಗುಡ್ಡ ತೋರಿಸಿದ.
ಅವನ ಮುತ್ತಜ್ಜನ ಕಾಲಕ್ಕೆ ಅಲ್ಲಿ
ಹುಲ್ಲುಕಡ್ಡಿಯೂ ಇರಲಿಲ್ಲವಂತೆ.
ತಾವೆ ನದಿಯ ದಂಡೆಗುಂಟ ಕುಲುಮೆ;
ಎಲ್ಲೆಲ್ಲಿಂದಲೋ ಹಡಗೇರಿ ಬಂದ ಅದಿರು ಇಲ್ಲಿ ಕರಗಿ
ತಾಮ್ರ ಊರು ಬಿಟ್ಟು ಹೋಗಿ
ಹೊಗೆ ಮಾತ್ರ ಉಳಿದು,
ದನಗಳ ಮಂಡಿ ಊದಿ,
ಮುತ್ತಜ್ಜ ನಲವತ್ತೆರಡಕ್ಕೆ ಕೆಮ್ಮಿ ಕೆಮ್ಮಿ ಹೋದನಂತೆ.
"ಈಗ ಅದೇ ಲೋಹ ಡಾಕ್ಟರಿಕೆ ಮಾಡುತ್ತಂತೆ"
ತಿರುಪುಳಿ ಜೇಬಿಗಿಳಿಸಿ ನಕ್ಕ.
ಆ ನಗೆಯಲ್ಲಿ ಕ್ಷಮೆ ಇತ್ತೋ, ಬಾಕಿ ಲೆಕ್ಕ ಇತ್ತೋ.

ನನ್ನದು ರಾತ್ರಿ ಕೆಲಸ.
ಹತ್ತಿ ಸುತ್ತಿದ ಕಡ್ಡಿಯಿಂದ
ಎರಡೂ ಹಿಡಿ ಸವರಿ
ಸೀಸೆಗೆ ಹಾಕಿ ಚೀಟಿ ಅಂಟಿಸುವುದು.
ಮೊದಲ ತಿಂಗಳು ತಾಮ್ರ ಗೆದ್ದಿತು.
ಎರಡನೆಯ ತಿಂಗಳು ಎರಡೂ ಸಮಸಮ.
ಲ್ಯಾಬಿನವರು ನನ್ನ ಕಡ್ಡಿಯನ್ನೇ ಅನುಮಾನಿಸಿದರು.

ಕೊನೆಗೆ ಸಿಕ್ಕಿಬಿದ್ದವಳು ಡೆಲಿತ್,
ಇಪ್ಪತ್ತಾರು ವರ್ಷದಿಂದ ಈ ನೆಲ ಒರೆಸುವವಳು.
ಹೊಸ ಹಿಡಿ ಕಂದುತ್ತಿದೆಯಲ್ಲ ಎಂದು ಮರುಗಿ
ಮನೆಯಿಂದ ಮೆರುಗೆಣ್ಣೆ ತಂದು
ಮೂರು ಸಲ ಬಳಿದಿದ್ದಳು.
ಕನ್ನಡಿಯಂತೆ ಹೊಳೆಯುತ್ತಿತ್ತು ತಾಮ್ರ,
ಯಾವ ಕ್ರಿಮಿಯ ತಂಟೆಗೂ ಹೋಗದೆ.

"ಹೊಳೆಯಬಾರದು ಡೆಲಿತ್.
ಅದು ಬರಿಮೈಯಲ್ಲಿರಬೇಕು.
ಬೆವರು ಕುಡಿದು ಕಪ್ಪಾಗಲಿ, ಆಗಲೇ ಅದು ದುಡಿಯುವುದು."
"ಕೊಳಕು ಅಂತ ಜನ ನನ್ನನ್ನ ಬೈತಾರೆ."
ಇದಕ್ಕೆ ನನ್ನ ತರಬೇತಿಯಲ್ಲಿ ಉತ್ತರ ಇರಲಿಲ್ಲ.

ರಾತ್ರಿ ಮೂರಕ್ಕೆ ಇಬ್ಬರೂ ಮಂಡಿಯೂರಿ
ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬಟ್ಟೆ ಅದ್ದಿ
ಉಜ್ಜಿದೆವು, ಉಜ್ಜಿದೆವು.
ಅಂಗೈಗೆ ಹತ್ತಿದ ಆ ವಾಸನೆ,
ಹಳೆಯ ಕಾಸಿನದು, ತುಸು ರಕ್ತದ್ದು,
ನನ್ನಜ್ಜಿಗೆ ಗೊತ್ತೇ ಇರಲಿಲ್ಲ.

ಮಾಲೂರು ಪೇಟೆಯ ಜಗಲಿಯ ಕೆಳಗೆ
ಬೊಗಸೆಯೊಡ್ಡಿ ನಿಲ್ಲುತ್ತಿದ್ದಳು.
ಮೇಲೆ, ಮೂರು ಮೊಳ ಎತ್ತರದಲ್ಲಿ,
ಹುಣಸೆಹುಳಿಯಲ್ಲಿ ಬೆಳಗಿದ ತಂಬಿಗೆ ಬಾಗುತ್ತಿತ್ತು.
ನೀರು ಮುಟ್ಟುತ್ತಿತ್ತು.
ತಂಬಿಗೆ ಮುಟ್ಟುತ್ತಿರಲಿಲ್ಲ.
ಏನು ಅಂಟೀತೆಂದು ಅಷ್ಟು ಎಚ್ಚರ?
ಅದನ್ನು ಯಾರೂ ಸವರಿ ನೋಡಲಿಲ್ಲ,
ಯಾವ ಸೀಸೆಗೂ ಹಾಕಲಿಲ್ಲ.

"ಏನು ಚೆನ್, ಕಣ್ಣಿಗೆ ಹೋಯಿತಾ ಆ ದ್ರವ?"
ಹೌದು ಅಂದೆ.

ಬೆಳಿಗ್ಗೆ ಬಾಗಿಲ ಮೇಲೊಂದು ಚೀಟಿ,
ಡೆಲಿತ್‌ಳ ದುಂಡು ಅಕ್ಷರ,
ಮೇಲೆ ವೆಲ್ಷ್, ಕೆಳಗೆ ಇಂಗ್ಲಿಷು:
ಇದು ಕೊಳೆಯಲ್ಲ. ದಯವಿಟ್ಟು ಮುಟ್ಟಿ.
ಸ್ಟ್ರೆಚರ್ ತಳ್ಳುವವ ಮುಟ್ಟಿದ,
ಜಾಮ್ ಮೆತ್ತಿದ ಕೈಯ ಮಗು ಮುಟ್ಟಿತು,
ಗಂಡನನ್ನು ನೋಡಬಂದ ಮುದುಕಿ
ಒಳಗೆ ಹೋಗುವ ಧೈರ್ಯ ಸಾಲದೆ
ಬಹಳ ಹೊತ್ತು ಹಿಡಿದುಕೊಂಡೇ ನಿಂತಳು.
ಕೈಗವಸು ಕಳಚಿ ನಾನೂ.

ಐದನೆಯ ದಿನ ಮ್ಯಾನೇಜರು ಚೀಟಿ ಕಿತ್ತರು,
ಅನುಮತಿ ಪಡೆದಿಲ್ಲವೆಂದು.
ಗೋಂದಿನ ಗುರುತು ಇನ್ನೂ ಇದೆ.
ಅದರ ಕೆಳಗೆ ಹಿಡಿ ಎರಡೂ ತುದಿ ಕಪ್ಪಾಗಿ
ನಡುವೆ ಮಾತ್ರ, ಎಲ್ಲರ ಕೈ ಬೀಳುವಲ್ಲಿ,
ಒಂದಿಷ್ಟು ಕೆಂಪು.